ಆಯುಷ್ಮಾನ್ ಕಾರ್ಡೋ, ಯಶಸ್ವಿನಿಯೋ?

ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಕೈಯಲ್ಲಿ ಬಿಪಿಎಲ್ ಪಡಿತರ ಚೀಟಿ. ನಿಮ್ಮದು ಇಂಥ ಸಂಸಾರವಾದರೆ ಎರಡನೆಯ ಯೋಚನೆ ಬೇಡ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳಿ. ವಂತಿಗೆಯಿಲ್ಲ; ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಒಂದು ತೊಡಕಿದೆ: ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಶಿಫಾರಸು ಪತ್ರ ಕೊಟ್ಟರಷ್ಟೇ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ.

ಎಪಿಎಲ್ ಕುಟುಂಬದ ಲೆಕ್ಕವೇ ಬೇರೆ. ಈ ಕಾರ್ಡಿನಲ್ಲಿ ಅವರಿಗೆ ಸಿಗುವುದು ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ನಿಗದಿಪಡಿಸಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಅಂಥವರು ಸಹಕಾರ ಸಂಘದ ಸದಸ್ಯರಾಗಿದ್ದರೆ ನಾನು ಯಶಸ್ವಿನಿಯನ್ನೇ ಹೇಳುತ್ತೇನೆ; ಅದು ಸಂಘದ ಸದಸ್ಯರಿಗೆಂದೇ ಇರುವ ರಾಜ್ಯದ ಆರೋಗ್ಯ ಯೋಜನೆ. 2022–23ರಲ್ಲಿ ಮರುಜಾರಿಯಾದಾಗ ನಾಲ್ವರ ಕುಟುಂಬಕ್ಕೆ ಗ್ರಾಮೀಣ ಸಂಘದಲ್ಲಿ 500, ನಗರದ ಸಂಘದಲ್ಲಿ 1,000 ರೂಪಾಯಿ ವಂತಿಗೆಯಿತ್ತು; ಚಿಕಿತ್ಸಾ ವೆಚ್ಚದ ಮಿತಿ 5 ಲಕ್ಷ. ನೋಂದಣಿಯ ಗಡುವು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಸಂಘದ ಕಾರ್ಯದರ್ಶಿಯನ್ನು ಇಂದೇ ಕೇಳಿಡಿ.

ಆಯುಷ್ಮಾನ್ ಕಾರ್ಡಿಗೆ ಆಧಾರ್, ಪಡಿತರ ಚೀಟಿ ಸಾಕು. ರೊಟ್ಟಿ ಬಡಿದು ಸವೆದ ನಮ್ಮ ಅವ್ವನ ಬೆರಳಚ್ಚನ್ನು ಯಂತ್ರ ಮೂರು ಬಾರಿ ತಿರಸ್ಕರಿಸಿತು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬಂದ ಒಟಿಪಿಯಿಂದ ಕೆಲಸವಾಯಿತು. ಆ ಮೊಬೈಲನ್ನು ಮನೆಯಲ್ಲಿ ಮರೆತು ಹೋಗಬೇಡಿ.