ಬೆಂಗಳೂರಿನಿಂದ ಹೊರವಲಯಕ್ಕೆ ಸೈಕಲ್ ದಾರಿ: ಬಿರೌಟರ್ ಎಷ್ಟು ನಂಬಬಹುದು?

ಇಂದಿರಾನಗರದಿಂದ ವೈಟ್‌ಫೀಲ್ಡ್‌ಗೆ ಸೈಕಲ್‌ನಲ್ಲಿ ಹೋಗಬೇಕು ಅನ್ನುವವರು ಮೊದಲು ಮಾಡುವ ತಪ್ಪು ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಗುರುತು ಒತ್ತುವುದು. 2017ರ ಕೊನೆಗೆ ಭಾರತದಲ್ಲಿ ಬಂದ ಆ ಸೌಲಭ್ಯ ಇರುವುದು ಸ್ಕೂಟರ್, ಬೈಕ್‌ಗಳಿಗಾಗಿ. ಅದರ ಲೆಕ್ಕದಲ್ಲಿ ಹಳೇ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ ಎಲ್ಲವೂ ಒಳ್ಳೆಯ ದಾರಿಯೇ. ಪೆಡಲ್ ತುಳಿಯುವವನ ಬಲಕ್ಕೆ ಬಸ್ಸು, ಎಡಕ್ಕೆ ಸರ್ವಿಸ್ ರಸ್ತೆಯಿಂದ ನುಗ್ಗುವ ಕ್ಯಾಬ್ ಇರುತ್ತದೆ ಎಂಬುದು ಅದಕ್ಕೆ ಬೇಕಿಲ್ಲ. ನಡಿಗೆಯ ಗುರುತು ಒತ್ತಿದರೆ ಇನ್ನೊಂದು ಅತಿರೇಕ: ಮೆಟ್ಟಿಲು, ಸ್ಕೈವಾಕ್, ಉದ್ಯಾನದ ಒಳದಾರಿ.

ಈ ಎರಡರ ನಡುವಿನ ಜಾಗ ತುಂಬುವುದು ಬಿರೌಟರ್. ಸ್ವಯಂಸೇವಕರು ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮೇಲೆ ಸೈಕಲ್‌ಗಾಗಿಯೇ ದಾರಿ ಲೆಕ್ಕ ಹಾಕುವ ಮುಕ್ತ ತಂತ್ರಾಂಶ ಇದು. ಹಣವಿಲ್ಲ, ಲಾಗಿನ್ ಇಲ್ಲ, ಜಾಹೀರಾತಿಲ್ಲ. ಬ್ರೌಸರ್‌ನಲ್ಲೂ ಓಡುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ನೋಡಲು ಚೆಂದವಿಲ್ಲ, ಹತ್ತು ವರ್ಷ ಹಿಂದಿನ ಕಚೇರಿ ತಂತ್ರಾಂಶದ ಹಾಗಿದೆ. ಆದರೆ ನಿಮಗೆ ಯಾವ ರಸ್ತೆ ಬೇಡ ಅಂತ ಇದಕ್ಕೆ ಹೇಳಬಹುದು, ಹೇಳಿದ್ದನ್ನು ಕೇಳುತ್ತದೆ. ಉಳಿದ ಆ್ಯಪ್‌ಗಳಲ್ಲಿ ಇಷ್ಟು ಸಲೀಸಾಗಿ ಸಿಗದ ಗುಣ ಇದು.

ಬಳಸುವ ಕ್ರಮ ಸರಳ. ವೆಬ್ ಪುಟದಲ್ಲಿ ಪ್ರೊಫೈಲ್ ಪಟ್ಟಿ ಇದೆ, ಅಂದರೆ ಯಾವ ಬಗೆಯ ಸವಾರಿಗೆ ದಾರಿ ಬೇಕು ಎಂಬ ಆಯ್ಕೆ. ಬೆಂಗಳೂರಿನ ಮಟ್ಟಿಗೆ ಟ್ರೆಕ್ಕಿಂಗ್ ಪ್ರೊಫೈಲ್‌ನಿಂದಲೇ ಶುರು ಮಾಡಬೇಕು. ಫಾಸ್ಟ್‌ಬೈಕ್ ಅನ್ನುವುದು ರೋಡ್ ಬೈಕ್‌ನವರಿಗಾಗಿ ಮಾಡಿದ್ದು, ನುಣುಪಾದ ದೊಡ್ಡ ರಸ್ತೆ ಕಂಡರೆ ಅದಕ್ಕೆ ಪ್ರೀತಿ. ನಮ್ಮಲ್ಲಿ ನುಣುಪಾದ ದೊಡ್ಡ ರಸ್ತೆ ಅಂದರೆ ಟಿಪ್ಪರ್ ಓಡುವ ರಸ್ತೆ. ಟ್ರೆಕ್ಕಿಂಗ್ ಆರಿಸಿ, ಆಯ್ಕೆಗಳ ಪಟ್ಟಿಯಲ್ಲಿ ‘ಅವಾಯ್ಡ್ ಅನ್‌ಸೇಫ್’ ಎಂಬ ಚೌಕಕ್ಕೆ ಗುರುತು ಹಾಕಿ. ಮೊದಲೇ ಹಾಕಿರುವುದಿಲ್ಲ. ಹಾಕಿದ ಮೇಲೆ ಮುಖ್ಯ ರಸ್ತೆಗಳ ‘ಬೆಲೆ’ (ಹೆಚ್ಚಿದ್ದಷ್ಟೂ ಆ ರಸ್ತೆಯನ್ನು ತಪ್ಪಿಸುವ ಅಂಕ) ಏರಿ, ಗೆರೆ ಬಡಾವಣೆಗಳ ಒಳಗೆ ಸರಿಯುತ್ತದೆ. ನಂತರ ನಕ್ಷೆಯ ಮೇಲೆ ಹೊರಡುವ ಜಾಗ, ತಲುಪುವ ಜಾಗ ಒತ್ತಿದರೆ ದಾರಿ ಬಂತು. ಗೆರೆಯನ್ನು ಹಿಡಿದು ಎಳೆದರೆ ನಡುವಿನ ಬಿಂದು ಹುಟ್ಟುತ್ತದೆ. ಅದೇ ಪ್ರೊಫೈಲ್‌ನಲ್ಲಿ ಇನ್ನೂ ಮೂರು ಪರ್ಯಾಯ ದಾರಿ ಕೇಳಬಹುದು. ಮೊದಲನೆಯ ಪರ್ಯಾಯ ಎಷ್ಟೋ ಸಲ ಮೂಲಕ್ಕಿಂತ ಚೆನ್ನಾಗಿರುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಸೈಕಲ್ ಹತ್ತಿದರೆ ಮೋಸ ಹೋಗುತ್ತೀರಿ. ಬೆಂಗಳೂರಿನಿಂದ ಹೊರಕ್ಕೆ ಹೋಗುವ ಸೈಕಲ್ ದಾರಿ ಅಂದರೆ ಕೊನೆಗೆ ನಾಲ್ಕೈದು ‘ದಾಟುವ ಜಾಗ’ಗಳ ಪಟ್ಟಿ, ಅಷ್ಟೇ. ರೈಲು ಹಳಿ, ಹೊರವರ್ತುಲ ರಸ್ತೆ, ಹೆದ್ದಾರಿ, ರಾಜಕಾಲುವೆ, ಸೇನೆಯ ಅಥವಾ ಸಂಸ್ಥೆಗಳ ಕಾಂಪೌಂಡು: ಇವನ್ನು ಎಲ್ಲಿ ದಾಟುತ್ತೀರಿ ಅನ್ನುವುದು ನಿಕ್ಕಿಯಾದರೆ ನಡುವಿನ ಗಲ್ಲಿಗಳನ್ನು ಬಿರೌಟರ್ ಚೆನ್ನಾಗಿ ಜೋಡಿಸುತ್ತದೆ. ದಾಟುವ ಜಾಗವನ್ನೂ ಅದಕ್ಕೇ ಬಿಟ್ಟರೆ ಎಡವುವುದು ಅಲ್ಲೇ.

ವೈಟ್‌ಫೀಲ್ಡ್ ಉದಾಹರಣೆಯನ್ನೇ ನೋಡಿ. ಇಂದಿರಾನಗರದಿಂದ ಪೂರ್ವಕ್ಕೆ ಹೊರಟರೆ ಮೊದಲ ಅಡ್ಡಿ ಎಚ್‌ಎಎಲ್, ಡಿಆರ್‌ಡಿಒ ಜಮೀನು. ಆಮೇಲೆ ಬೈಯಪ್ಪನಹಳ್ಳಿಯಿಂದ ಹೊಸೂರು ಕಡೆಗೆ ಹೋಗುವ ಹಳಿ, ಅದರ ಜೊತೆಗೆ ಹೊರವರ್ತುಲ ರಸ್ತೆ. ಹಳಿ ದಾಟಲು ಜನ ಬಳಸುವ ಜಾಗಗಳು ಬೆರಳೆಣಿಕೆಯವು: ಉತ್ತರದಲ್ಲಿ ಕಗ್ಗದಾಸಪುರದ ಗೇಟ್ ಬಳಿ, ದಕ್ಷಿಣದಲ್ಲಿ ಪಣತ್ತೂರಿನ ಅಂಡರ್‌ಪಾಸ್. ನಕ್ಷೆಯಲ್ಲಿ ಪಣತ್ತೂರು ರಸ್ತೆ ಒಂದು ಸಾಧಾರಣ ಊರ ರಸ್ತೆ. ಬಿರೌಟರ್ ರಸ್ತೆಯ ದರ್ಜೆ ನೋಡಿ ಬೆಲೆ ಕಟ್ಟುತ್ತದೆ, ಲೈವ್ ಟ್ರಾಫಿಕ್ ಅದಕ್ಕೆ ಕಾಣದು. ಹಾಗಾಗಿ ಟೆಕ್ ಪಾರ್ಕ್ ಬಿಡುವ ಹೊತ್ತಿನಲ್ಲಿ ಆ ಇಕ್ಕಟ್ಟಿನಲ್ಲಿ ನೀರಿನ ಟ್ಯಾಂಕರ್ ಹಿಂದೆ ಕಾಲೂರಿ ನಿಲ್ಲುವುದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಮಾರತ್‌ಹಳ್ಳಿಯಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆ ಸೇತುವೆಯ ಮೇಲೆ ಹೊರವರ್ತುಲ ರಸ್ತೆಯನ್ನು ದಾಟುತ್ತದೆ. ದಟ್ಟಣೆ ವಿಪರೀತ, ಆದರೆ ಮೀಡಿಯನ್ (ರಸ್ತೆ ನಡುವಿನ ವಿಭಜಕ) ಕಾಟವಿಲ್ಲ. ಬೆಳಿಗ್ಗೆ ಆರೂವರೆಯೊಳಗೆ ಅದೇ ವಾಸಿ. ಎಂಟರ ನಂತರ ಸುರಂಜನ್‌ದಾಸ್ ರಸ್ತೆಯಿಂದ ಜಿ.ಎಂ. ಪಾಳ್ಯದ ಕಡೆ ನುಗ್ಗಿ, ದೊಡ್ಡನೆಕ್ಕುಂದಿ, ಎಇಸಿಎಸ್ ಲೇಔಟ್, ಕುಂದಲಹಳ್ಳಿ, ಬ್ರೂಕ್‌ಫೀಲ್ಡ್ ಎಂದು ಬಿಂದು ಇಟ್ಟು ಎಳೆಯಿರಿ. ಒಂದೆರಡು ಕಿಲೋಮೀಟರ್ ಹೆಚ್ಚಾದರೂ ಎದೆಬಡಿತ ಕಡಿಮೆ.

ಮೀಡಿಯನ್ ವಿಚಾರ ಬೇರೆಯಾಗಿಯೇ ಹೇಳಬೇಕು. ಹೊರವರ್ತುಲ ರಸ್ತೆಯಂಥವು ನಕ್ಷೆಯಲ್ಲಿ ಎರಡು ಏಕಮುಖ ಗೆರೆಗಳು. ಯಾರೋ ಎಂದೋ ಅವೆರಡರ ನಡುವೆ ಒಂದು ಚಿಕ್ಕ ಕೊಂಡಿ ಹಾಕಿದ್ದರೆ, ಅಲ್ಲಿ ಈಗ ಕಬ್ಬಿಣದ ಬೇಲಿ ಬಂದಿದ್ದರೂ ದಾರಿ ಅಲ್ಲೇ ದಾಟುತ್ತದೆ. ಉಲ್ಟಾ ತೊಂದರೆಯೂ ಉಂಟು: ಟ್ರೆಕ್ಕಿಂಗ್ ಪ್ರೊಫೈಲ್ ಏಕಮುಖ ರಸ್ತೆಯಲ್ಲಿ ಎದುರು ಹೋಗುವುದನ್ನು ಪೂರ್ತಿ ನಿಷೇಧಿಸುವುದಿಲ್ಲ, ದಂಡ ಹಾಕುತ್ತದೆ. ದೊಡ್ಡ ರಸ್ತೆಗೆ ದಂಡ ಹೆಚ್ಚು, ಗಲ್ಲಿಗೆ ಕಡಿಮೆ. ಸುತ್ತು ತೀರಾ ಉದ್ದವಾದರೆ ಐವತ್ತು ಮೀಟರ್ ಎದುರು ದಿಕ್ಕಿನಲ್ಲಿ ಕಳಿಸಿಬಿಡಬಹುದು. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಎಂದೇ ಅರ್ಥ.

ಡೇಟಾ ಎಂಬ ಪಟ್ಟಿಯನ್ನು ತೆರೆಯದವರು ಈ ತಂತ್ರಾಂಶದ ಅರ್ಧ ಮಾತ್ರ ನೋಡಿದ ಹಾಗೆ. ದಾರಿಯ ಪ್ರತಿ ತುಂಡಿಗೂ ಉದ್ದ, ಬೆಲೆ, ನಕ್ಷೆಯಲ್ಲಿ ಬರೆದಿರುವ ಗುಣಗಳು ಸಾಲಾಗಿ ಕಾಣುತ್ತವೆ. ಅಲ್ಲಿ ಮೂರನ್ನು ಹುಡುಕಿ. ‘ಪಾತ್’ ಅಥವಾ ‘ಫುಟ್‌ವೇ’ ಅಂತಿದ್ದರೆ ಅದು ಕೆರೆ ಏರಿಯ ನಡಿಗೆಪಥವೋ ರಾಜಕಾಲುವೆ ಬದಿಯ ಕಾಲುದಾರಿಯೋ ಆಗಿರುವ ಸಂಭವ ಹೆಚ್ಚು. ಕೆರೆ ಉದ್ಯಾನಗಳ ಗೇಟು ಬೆಳಿಗ್ಗೆ ಸಂಜೆ ಮಾತ್ರ ತೆರೆದಿರುತ್ತದೆ, ಸೈಕಲ್ ಒಳಗೆ ಬಿಡದ ಕಾವಲುಗಾರರೂ ಇದ್ದಾರೆ. ‘ಸರ್ವಿಸ್’ ಅಂತಿದ್ದರೆ ಅಪಾರ್ಟ್‌ಮೆಂಟ್ ಅಥವಾ ಕ್ಯಾಂಪಸ್ ಒಳರಸ್ತೆ ಇರಬಹುದು. ‘ಸರ್ಫೇಸ್’ ಎಂಬುದು ಖಾಲಿ ಇದ್ದರೆ ಡಾಂಬರು ಇದೆಯೆಂದು ಅಂದುಕೊಳ್ಳಬೇಡಿ. ನಗರದ ಅಂಚಿನ ರಸ್ತೆಗಳಲ್ಲಿ ಬಹುಪಾಲು ಖಾಲಿಯೇ. 25 ಮಿಲಿಮೀಟರ್ ಟಯರ್‌ನವರು ಇದನ್ನು ಮರೆತರೆ ಜಲ್ಲಿಯ ಮೇಲೆ ಟ್ಯೂಬ್ ಬದಲಿಸುತ್ತಾ ಕೂರಬೇಕು. 35 ಮಿಲಿಮೀಟರ್‌ಗಿಂತ ಅಗಲದ ಟಯರ್ ಇದ್ದವರಿಗೆ ಚಿಂತೆ ಕಡಿಮೆ.

ಸಂಶಯ ಬಂದ ತುಂಡುಗಳನ್ನು ಸ್ಟ್ರೀಟ್ ವ್ಯೂನಲ್ಲಿ ನೋಡಿ. 2022ರಲ್ಲಿ ಭಾರತಕ್ಕೆ ಅದು ಮರಳಿದಾಗ ಮೊದಲ ನಗರಗಳಲ್ಲಿ ಬೆಂಗಳೂರೂ ಇತ್ತು. ಚಿತ್ರ ತೆಗೆದ ತಿಂಗಳು ಕೆಳಗೆ ಬರೆದಿರುತ್ತದೆ, ಅದನ್ನು ಓದದೆ ನಂಬಬೇಡಿ. ಗೇಟು ಕಂಡರೆ ಬಿರೌಟರ್‌ನ ನಿಷೇಧ ವೃತ್ತ ಬಳಸಿ ಆ ಜಾಗದ ಸುತ್ತ 20-30 ಮೀಟರ್‌ನ ವೃತ್ತ ಎಳೆಯಿರಿ. ದಾರಿ ಕೂಡಲೇ ಬೇರೆ ಕಡೆ ತಿರುಗುತ್ತದೆ. ವೃತ್ತ ದೊಡ್ಡದಾದರೆ ಪಕ್ಕದ ಒಳ್ಳೆಯ ಗಲ್ಲಿಯೂ ಮುಚ್ಚಿಹೋಗುತ್ತದೆ, ಎಚ್ಚರ. ವೃತ್ತಗಳು, ಬಿಂದುಗಳು, ಪ್ರೊಫೈಲ್ ಎಲ್ಲವೂ ಪುಟದ ವಿಳಾಸದಲ್ಲೇ ಸೇರಿರುತ್ತವೆ. ಆ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಗೆಳೆಯರಿಗೆ ನಿಮ್ಮ ಇಡೀ ಕೆಲಸ ಸಿಕ್ಕಿತು.

ಮೈಸೂರು ದಿಕ್ಕಿಗೆ ಹೋಗುವವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಕೆಂಗೇರಿ ದಾಟಿ ಬಿಡದಿಗೆ ಹೋಗುವಾಗ ಸರ್ವಿಸ್ ರಸ್ತೆಯಲ್ಲೇ ಇರಬೇಕು. ಪರದೆಯ ಮೇಲೆ ಮುಖ್ಯ ಪಥ, ಸರ್ವಿಸ್ ರಸ್ತೆ ಎರಡೂ ಒತ್ತೊತ್ತಾಗಿ ಕಾಣುವುದರಿಂದ ಬಿಂದು ಇಡುವಾಗ ಹತ್ತಿರಕ್ಕೆ ಹಿಗ್ಗಿಸಿ ನೋಡಿ. ಒಂದು ಬಿಂದು ತಪ್ಪಿ ಮುಖ್ಯ ಪಥದ ಮೇಲೆ ಬಿದ್ದರೆ, ಅದನ್ನು ಮುಟ್ಟಲು ದಾರಿ ಕಿಲೋಮೀಟರ್‌ಗಟ್ಟಲೆ ಗಿರಕಿ ಹೊಡೆಯುತ್ತದೆ. ಗೆರೆಯಲ್ಲಿ ಅರ್ಥವಿಲ್ಲದ ಬಾಲ ಕಂಡರೆ ಕಾರಣ ಬಹುತೇಕ ಇದೇ.

ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದ ಹೀಟ್‌ಮ್ಯಾಪ್ (ಹೆಚ್ಚು ಜನ ಓಡಾಡಿದ ದಾರಿ ಹೊಳೆಯುವ ನಕ್ಷೆ) ನೋಡಿ ದಾರಿ ಆರಿಸುವವರೂ ಇದ್ದಾರೆ. ಅದರಲ್ಲಿ ಹೊಳೆಯುವುದು ಭಾನುವಾರ ಬೆಳಗಿನ ಐದು ಗಂಟೆಗೆ ನಂದಿ ಬೆಟ್ಟಕ್ಕೆ ಹೊರಟವರ ದಾರಿ. ಸೋಮವಾರ ಒಂಬತ್ತಕ್ಕೆ ಕಚೇರಿಗೆ ಹೋಗುವವರಿಗೆ ಅದು ದಾರಿ ತಪ್ಪಿಸುವ ದೀಪ. ದಾರಿ ಹುಡುಕುವ ಇನ್ನೊಂದು ಆ್ಯಪ್ ಕೊಮೂಟ್ ನೋಡಲು ಚೆಂದ. ಆದರೆ ಅದೂ ಅದೇ ಓಪನ್‌ಸ್ಟ್ರೀಟ್‌ಮ್ಯಾಪ್ ಉಣ್ಣುವುದರಿಂದ ಗೇಟಿನ ತೊಂದರೆ ಅಲ್ಲೂ ಹಾಗೇ ಇದೆ.

ಬಿರೌಟರ್ ತೋರಿಸುವ ಸಮಯಕ್ಕೆ ಸಿಗ್ನಲ್ ಗೊತ್ತಿಲ್ಲ. ನಗರದೊಳಗೆ ದೂರವನ್ನು ಗಂಟೆಗೆ 12 ಕಿಲೋಮೀಟರ್‌ನಂತೆ ಭಾಗಿಸಿಕೊಳ್ಳಿ, ಅದೇ ನಿಜಕ್ಕೆ ಹತ್ತಿರ. ಏರಿಳಿತದ ಲೆಕ್ಕ ಬಾಹ್ಯಾಕಾಶದಿಂದ ಅಳೆದ ಎತ್ತರ ಮಾಹಿತಿಯಿಂದ ಬರುತ್ತದೆ. ಹಾಗಾಗಿ ಫ್ಲೈಓವರ್, ಅಂಡರ್‌ಪಾಸ್‌ಗಳ ಏರು ಅದರಲ್ಲಿ ಸರಿಯಾಗಿ ಕಾಣಿಸದು.

ಫೋನಿಗೆ ಒಯ್ಯಲು ಎರಡು ದಾರಿ. ಐಫೋನ್‌ನವರು ಜಿಪಿಎಕ್ಸ್ ಕಡತ (ದಾರಿಯ ಗೆರೆ ಉಳಿಸಿದ ಕಡತ) ಇಳಿಸಿ ಓಸ್ಮ್ಆ್ಯಂಡ್ ಎಂಬ ನಕ್ಷೆ ಆ್ಯಪ್‌ನಲ್ಲಿ ತೆರೆಯಬೇಕು. ಕರ್ನಾಟಕದ ನಕ್ಷೆ ಒಂದೇ ಇಳಿಸಿದರೆ ಸಾಕು. ‘ಟ್ರ್ಯಾಕ್ ಅನುಸರಿಸು’ ಆರಿಸಿದರೆ ತಿರುವು ಹೇಳುತ್ತದೆ. ದಾರಿ ತಪ್ಪಿದಾಗ ಹೊಸ ದಾರಿ ಲೆಕ್ಕ ಹಾಕುವುದನ್ನು ಮಾತ್ರ ಬಂದ್ ಮಾಡಿಡಿ, ಇಲ್ಲವಾದರೆ ನೀವು ಕಷ್ಟಪಟ್ಟು ತಪ್ಪಿಸಿದ ಜಂಕ್ಷನ್‌ಗೇ ಎಳೆದೊಯ್ಯುತ್ತದೆ. ಆಂಡ್ರಾಯ್ಡ್‌ನವರು ಬಿರೌಟರ್ ಆ್ಯಪ್ ಹಾಕಿಕೊಳ್ಳಬಹುದು. ಅದು ಸ್ವತಃ ನಕ್ಷೆ ತೋರಿಸುವುದಿಲ್ಲ, ಓಸ್ಮ್ಆ್ಯಂಡ್ ಅಥವಾ ಲೋಕಸ್ ಎಂಬ ನಕ್ಷೆ ಆ್ಯಪ್‌ನ ಹಿಂದೆ ಕೂತು ದಾರಿ ಲೆಕ್ಕ ಹಾಕುತ್ತದೆ. ಅದಕ್ಕೆ ಬೇಕಾದ ಕಡತಗಳು 5 ಡಿಗ್ರಿ ಚೌಕಗಳಾಗಿವೆ: ಬೆಂಗಳೂರು, ಮೈಸೂರಿಗೆ ‘ಇ75_ಎನ್10’, ಮಂಗಳೂರಿನವರು ‘ಇ70_ಎನ್10’, ಹುಬ್ಬಳ್ಳಿಯವರು ‘ಇ75_ಎನ್15’ ಇಳಿಸಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವೇ ಒಂದು ಗೇಟು ಗುರುತಿಸಿದರೂ, ಚೌಕವನ್ನು ಮತ್ತೆ ಇಳಿಸುವ ತನಕ ಫೋನಿಗೆ ಅದು ತಿಳಿಯದು.

ದಾರಿಯ ಪುಟದ ಕೊಂಡಿ ಎರಡು ಇಟ್ಟುಕೊಳ್ಳಿ. ಒಂದು ಬೇಸಿಗೆಯದು. ಇನ್ನೊಂದು ಮಳೆಗಾಲದ್ದು, ಅದರಲ್ಲಿ ದಾರಿಯ ಪ್ರತಿ ರೈಲ್ವೆ ಅಂಡರ್‌ಪಾಸ್ ಮೇಲೂ ನಿಷೇಧ ವೃತ್ತ ಇರಲಿ, ಮಣ್ಣುರಸ್ತೆಗಳ ಮೇಲೂ ಇರಲಿ. ಜೂನ್‌ನಿಂದ ನವೆಂಬರ್ ತನಕ ಅದನ್ನೇ ತೆರೆಯಿರಿ. ಮಡಚುವ ಸೈಕಲ್ ಇದ್ದವರು ಮಳೆ ಜೋರಾದರೆ ನೇರಳೆ ಮಾರ್ಗದ ಮೆಟ್ರೊ ಹತ್ತಬಹುದು. 2023ರ ಅಕ್ಟೋಬರ್‌ನಿಂದ ಅದು ನಗರದ ನಡುವಿನಿಂದ ವೈಟ್‌ಫೀಲ್ಡ್ ತನಕ ನಿರಂತರವಾಗಿ ಓಡುತ್ತಿದೆ, ಹಾಗಾಗಿ ಆ ದಿಕ್ಕಿನ ದಾರಿ ಎಳೆಯುವಾಗ ಒಂದೆರಡು ಬಿಂದು ನಿಲ್ದಾಣದ ಹತ್ತಿರ ಹಾಯುವಂತೆ ನೋಡಿಕೊಳ್ಳಿ.