ಬೆದರುವ ಕುದುರೆಗೆ ಹಗ್ಗದ ಹಾಲ್ಟರ್: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್ ತಳಿಯ ಕುದುರೆಯನ್ನು ಸವಾರಿಗೆಂದು ತಂದುಕೊಂಡವರಲ್ಲಿ ಅನೇಕರು ಮೊದಲು ಹುಡುಕುವುದು ಒಳ್ಳೆಯ ಜೀನನ್ನು. ಆದರೆ ಮುಖದ ಹತ್ತಿರ ಕೈ ಬಂದೊಡನೆ ತಲೆಯನ್ನು ಮೇಲೆತ್ತಿ ಲಾಯದ ಮೂಲೆಗೆ ಸರಿಯುವ ಕುದುರೆಗೆ ಜೀನು ಬಹಳ ದೂರದ ಮಾತು. ನಾನು ನೋಡಿಕೊಳ್ಳುವ ಹೆಣ್ಣು ಕುದುರೆ ಅಂಥದ್ದು. ಕಿವಿಯ ಕಡೆಗೆ ಯಾರ ಬೆರಳು ಚಾಚಿದರೂ ಅದರ ಕಣ್ಣಿನ ಬಿಳಿ ಕಾಣಿಸುತ್ತಿತ್ತು, ಉಸಿರು ನಿಂತಂತಾಗುತ್ತಿತ್ತು. ಅದಕ್ಕಾಗಿ ಕೊಂಡ ಹಗ್ಗದ ಹಾಲ್ಟರ್ (ಬಾಯೊಳಗೆ ಕಡಿವಾಣವಿಲ್ಲದೆ ಕುದುರೆಯ ತಲೆಗೆ ತೊಡಿಸುವ ಮುಖದಾರ) ಮತ್ತು ಅದರೊಂದಿಗೆ ಬಂದ 12 ಅಡಿಯ ಲೀಡ್ ಹಗ್ಗದ (ಕುದುರೆಯನ್ನು ಹಿಡಿದು ನಡೆಸುವ ಹಗ್ಗ) ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಈ ಸಾಧನ ನೋಡಲು ಹಗುರವಾಗಿದ್ದರೂ ಸ್ವಭಾವದಲ್ಲಿ ಮೃದುವಲ್ಲ. ಕೈ ಬಿಟ್ಟ ಕ್ಷಣವೇ ಅದರ ಬಿಗಿಯೂ ಬಿಡುತ್ತದೆ ಎಂಬುದೇ ಅದರ ನಿಜವಾದ ಗುಣ.

ನಾನು ಕೊಂಡದ್ದು ಸುಮಾರು 6 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಗ್ಗದಲ್ಲಿ ಗಂಟು ಹಾಕಿ ಮಾಡಿದ, ಲೋಹದ ಬಕಲ್ ಇಲ್ಲದ ಹಾಲ್ಟರ್. ಹತ್ತಿಯ ಹಗ್ಗ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ, ಗಂಟುಗಳು ಬಿಗಿದುಕೊಳ್ಳುತ್ತವೆ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ. ಆದ್ದರಿಂದ ಪಾಲಿಯೆಸ್ಟರ್ ನನಗೆ ಒಪ್ಪಿಗೆಯಾಯಿತು. ಮೂಗಿನ ಮೇಲೆ ಹೆಚ್ಚುವರಿ ಗಂಟುಗಳಿರುವ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಆ ಗಂಟುಗಳು ಒತ್ತಡವನ್ನು ಒಂದೊಂದು ಬಿಂದುವಿಗೆ ಒಟ್ಟುಗೂಡಿಸುತ್ತವೆಯಾದ್ದರಿಂದ ಹೆದರಿದ ಕುದುರೆಗೆ ಅವನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಗಿನ ಮೇಲಿನ ಎಳೆ ಕೆನ್ನೆಮೂಳೆಯ ಅಂಚಿನಿಂದ ಎರಡು ಬೆರಳು ಕೆಳಗೆ ಕೂರಬೇಕು. ಅದಕ್ಕಿಂತ ಕೆಳಗಿಳಿದರೆ ಮೂಗಿನ ಮೂಳೆ ತೆಳುವಾಗುವ ಜಾಗದ ಮೇಲೆ ಭಾರ ಬೀಳುತ್ತದೆ. ಕಟ್ಟುವಾಗ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಗಂಟನ್ನು ಕುಣಿಕೆಯ ಕೆಳಭಾಗಕ್ಕೆ ಹಾಕಿ, ಉಳಿದ ತುದಿ ಕಣ್ಣಿಗೆ ಬಡಿಯದಂತೆ ಹಿಂದಕ್ಕೆ ತಿರುಗಿಸಬೇಕು. ಮಾರ್ವಾಡಿ, ಕಾಠಿಯಾವಾಡಿ ತಳಿಗಳನ್ನು ಸಾಕಿದವರು, ಒಳಬಾಗಿದ ಆ ಕಿವಿಗಳಿಗೆ ತಾಗದಂತೆ ಎಳೆಯನ್ನು ಕುತ್ತಿಗೆಯ ಹಿಂದಿನಿಂದ ತರುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಲೀಡ್ ಹಗ್ಗದ ಉದ್ದವೇ ಈ ಜೋಡಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ. ಕುದುರೆ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿ ಸುತ್ತಳತೆಯನ್ನು ನೋಡಬಲ್ಲದು, ಆದರೆ ಹಣೆಯ ಮುಂದೆ ಮತ್ತು ಬಾಲದ ಹಿಂದೆ ಅದಕ್ಕೆ ಕುರುಡು ಜಾಗಗಳಿವೆ. ಎದುರಿನಿಂದ ನೇರವಾಗಿ ಮುಖಕ್ಕೆ ಚಾಚಿದ ಕೈ ಒಮ್ಮೆಲೇ ಕಣ್ಮರೆಯಾಗಿ, ಮರುಕ್ಷಣ ಮೈಗೆ ತಾಗುತ್ತದೆ. ಹೀಗೆ ಬೆಚ್ಚಿದಾಗ ಹಿಂದಕ್ಕೆ ಸರಿಯಲು ಎರಡು ಹೆಜ್ಜೆಯ ಜಾಗವಿದ್ದರೆ ಕುದುರೆ ಸರಿದು ನಿಲ್ಲುತ್ತದೆ, ತಿರುಗಿ ನೋಡುತ್ತದೆ. ಗಿಡ್ಡ ಹಗ್ಗದಲ್ಲಿ ಹಿಡಿದಿಟ್ಟರೆ ಅದೇ ಕುದುರೆ ಹಿಂಗಾಲ ಮೇಲೇಳುತ್ತದೆ. 12 ಅಡಿ ಹಗ್ಗ ಆ ಎರಡು ಹೆಜ್ಜೆಯ ಸ್ವಾತಂತ್ರ್ಯವನ್ನು ಕೊಡುತ್ತದೆ. ಭಯವಿರುವ ಪ್ರಾಣಿಗೆ ದೂರ ಹೋಗುವ ಅವಕಾಶವಿದೆ ಎಂಬುದು ತಿಳಿದ ಮೇಲೆಯೇ ಅದು ಹತ್ತಿರ ಬರಲು ಮನಸ್ಸು ಮಾಡುತ್ತದೆ ಎಂಬುದನ್ನು ನಾನು ಈ ಕುದುರೆಯಲ್ಲಿ ಸ್ಪಷ್ಟವಾಗಿ ಕಂಡಿದ್ದೇನೆ.

ಆದ್ದರಿಂದ ಹಾಲ್ಟರನ್ನು ಮೊದಲ ದಿನವೇ ಮುಖಕ್ಕೆ ಏರಿಸುವ ಅವಸರ ಬೇಡ. ಬರಿಗೈಯಲ್ಲಿ ಓರೆಯಾಗಿ ಭುಜದ ಕಡೆಗೆ ನಡೆದು, ಕುದುರೆ ಉಸಿರು ಹಿಡಿಯುವ ಅಂತರದಲ್ಲಿ ನಿಂತು, ಅದು ಹೊರಡುವುದಕ್ಕೆ ಮುಂಚೆ ನಾವೇ ಹಿಂದೆ ಸರಿಯಬೇಕು. ಕುತ್ತಿಗೆ ಬೆನ್ನನ್ನು ಸೇರುವಲ್ಲಿ ಇರುವ ಉಬ್ಬನ್ನು ಕೆರೆಯುವುದು ಅಲ್ಲಿಂದ ಮುಂದಿನ ಹೆಜ್ಜೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ನೇವರಿಸುವುದು ಆ ಜಾಗದಲ್ಲಿಯೇ, ಮತ್ತು ಅಲ್ಲಿ ಕೆರೆದಾಗ ಹೃದಯ ಬಡಿತ ಇಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಕಾಮಾರ್ಗ್ ಕುದುರೆಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಆಮೇಲೆ ಹಗ್ಗವನ್ನು ಸುಮ್ಮನೆ ಕುತ್ತಿಗೆಯ ಮೇಲೆ ಹಾಕಿ ತೆಗೆಯುವುದು, ನಂತರ ಮೂಗಿಗೆ ತಾಗಿಸುವುದು, ಎಲ್ಲಕ್ಕಿಂತ ಕೊನೆಯಲ್ಲಿ ಕಿವಿಯ ಹಿಂದೆ ತರುವುದು. ಹಾಲ್ಟರ್ ಮುಖದ ಮೇಲೆ ಕೂತ ಬಳಿಕ ಹಗ್ಗವನ್ನು ಎರಡು ಬೆರಳಿನಿಂದ ಮಾತ್ರ ಮುಟ್ಟಿ ಕಾಯಬೇಕು. ಕುದುರೆ ತಲೆಯನ್ನು ಒಂದಿಷ್ಟು ತಗ್ಗಿಸಿದರೂ ಆ ಕ್ಷಣದಲ್ಲಿಯೇ ಬಿಡಬೇಕು. ಕುದುರೆ ಕಲಿಯುವುದು ಎಳೆತದಿಂದಲ್ಲ, ಬಿಡುಗಡೆಯಿಂದ. ಅಗಲವಾದ ಪಟ್ಟಿಯ ಹಾಲ್ಟರ್‌ನಲ್ಲಿ ಈ ಬಿಡುಗಡೆ ಮಂದವಾಗಿ ತಲುಪುತ್ತದೆ, ಹಗ್ಗದ ಹಾಲ್ಟರ್‌ನಲ್ಲಿ ಅದು ಕೂಡಲೇ ಮುಟ್ಟುತ್ತದೆ. ಬೆಲೆಗೆ ತಕ್ಕ ಪ್ರಯೋಜನ ದೊರೆಯುವುದು ಇಲ್ಲಿಯೇ.

ಇದೇ ಗುಣ ಒರಟು ಕೈಯಲ್ಲಿ ಅಪಾಯಕ್ಕೆ ತಿರುಗುತ್ತದೆ. ತೆಳುವಾದ ಹಗ್ಗವನ್ನು ಜಗ್ಗಿದರೆ ಕಿವಿಗಳ ಹಿಂದಿನ ಭಾಗಕ್ಕೂ ಮೂಗಿಗೂ ಚುರುಕಾದ ನೋವಾಗುತ್ತದೆ, ಹೆದರಿಕೆ ದುಪ್ಪಟ್ಟಾಗುತ್ತದೆ. ಈ ಹಾಲ್ಟರ್ ತುಂಡಾಗುವುದಿಲ್ಲ. ಹಾಗಾಗಿ ಇದನ್ನು ಹಾಕಿ ಕುದುರೆಯನ್ನು ಕಂಬಕ್ಕೆ ಕಟ್ಟಬಾರದು, ಮೇಯಲು ಬಿಡುವಾಗ ಮುಖದ ಮೇಲೆ ಉಳಿಸಲೂಬಾರದು. ಬೇಲಿಗೆ ಸಿಕ್ಕಿಕೊಂಡರೆ, ಅಥವಾ ತಲೆ ಕೆರೆದುಕೊಳ್ಳುವಾಗ ಹಿಂಗಾಲಿನ ಗೊರಸು ಒಳಗೆ ತೂರಿದರೆ, ಕುತ್ತಿಗೆಗೇ ಕುತ್ತು. ಅಂಥ ಕೆಲಸಗಳಿಗೆ ಎಳೆದರೆ ಹರಿಯುವ ಚರ್ಮದ ಪಟ್ಟಿಯಿರುವ ಬೇರೆ ಹಾಲ್ಟರ್ ಇಟ್ಟುಕೊಳ್ಳಬೇಕು. ಲೀಡ್ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಸಿ ಹಿಡಿಯಬೇಕು, ಕೈಗವಸು ಧರಿಸಬೇಕು.

ಮಾರಾಟಗಾರರು ಇದರ ಜೊತೆ ಕಳುಹಿಸಿದ ಚೀಟಿಯಲ್ಲಿ ಮೊಂಡು ಕುದುರೆಯನ್ನೂ ಇದು ಬೇಗನೆ ದಾರಿಗೆ ತರುತ್ತದೆ ಎಂಬ ಮಾತಿದೆ; ಕಟ್ಟಬಾರದು ಎಂಬ ಎಚ್ಚರಿಕೆ ಇಲ್ಲ. ಇದನ್ನು ನಾನು ಗಂಭೀರ ಲೋಪವೆಂದೇ ಪರಿಗಣಿಸುತ್ತೇನೆ. ಮೊಂಡುತನವೆಂದು ಕಾಣುವುದರಲ್ಲಿ ಬಹುಪಾಲು ಭಯ, ಇಲ್ಲವೇ ನೋವು. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ಬಹಳ ಸಾಮಾನ್ಯ. ಹಲ್ಲಿನ ಚೂಪಾದ ಅಂಚು ಕೆನ್ನೆಯೊಳಗೆ ಗಾಯ ಮಾಡಿದ್ದರೂ ಕುದುರೆ ಮುಖ ಮುಟ್ಟಿಸಿಕೊಳ್ಳುವುದಿಲ್ಲ. ಹಾಲ್ಟರ್ ಕೊಳ್ಳುವ ಮುಂಚೆ ಪಶುವೈದ್ಯರಿಂದ ಬಾಯಿ, ಬೆನ್ನು, ಹೊಟ್ಟೆಗಳ ತಪಾಸಣೆ ಮಾಡಿಸುವುದಕ್ಕೆ ಹಣ ತೆಗೆದಿಡಿ.

ನಮ್ಮ ಲಾಯಗಳಲ್ಲಿ ದಿನವಿಡೀ ಕುದುರೆಯ ಜೊತೆಗಿರುವುದು ಮಾಲೀಕರಲ್ಲ, ಸೈಸ್, ಅಂದರೆ ಕುದುರೆಯ ಆರೈಕೆ ಮಾಡುವ ಕೆಲಸಗಾರ. ಮಾಲೀಕರು ಸಂಜೆ ಒಂದು ಗಂಟೆ ತಾಳ್ಮೆಯಿಂದ ಹಗ್ಗ ಸಡಿಲಿಸಿ, ಬೆಳಿಗ್ಗೆ ಸೈಸ್ ಅವಸರದಲ್ಲಿ ಕಿವಿ ಹಿಡಿದು ಹಾಲ್ಟರ್ ಏರಿಸಿದರೆ ಕುದುರೆಗೆ ಯಾರನ್ನು ನಂಬಬೇಕೆಂಬುದೇ ತಿಳಿಯುವುದಿಲ್ಲ. ನಮ್ಮ ಸೈಸ್ ಅಣ್ಣನವರು ಈ ಹಗ್ಗವನ್ನು ಮೊದಲು ತಮ್ಮ ಮುಂಗೈಗೆ ಸುತ್ತಿಸಿಕೊಂಡು, ನನ್ನಿಂದ ಎಳೆಸಿ, ಬಿಡಿಸಿ ನೋಡಿದರು. ಕುದುರೆಗೆ ಹಾಕಲು ಒಪ್ಪಿದ್ದು ಆಮೇಲೆ. ಈಗ ಹಾಲ್ಟರ್ ಹಿಡಿದು ಬಂದಾಗ ಕುದುರೆ ತಾನಾಗಿ ಮೂಗನ್ನು ಅದರೊಳಗೆ ಇಳಿಸುವುದು ಅವರ ಕೈಯಲ್ಲಿ ಮಾತ್ರ. ಕೊಳ್ಳುವುದಾದರೆ ಒಂದೇ ಬಗೆಯ ಎರಡು ಹಾಲ್ಟರ್ ಕೊಂಡು, ಒಂದನ್ನು ಸೈಸ್‌ಗೆ ಕೊಡಿ. ಮೊದಲ ಕೆಲವು ವಾರ ಬೇರೆ ಯಾರೂ ಆ ಕುದುರೆಯ ಮುಖ ಮುಟ್ಟದಂತೆ ನೋಡಿಕೊಳ್ಳಿ.