ಪ್ರವಾಸೋದ್ಯಮದ ಕ್ಷೇತ್ರ ಪ್ರವಾಸ: ಬೆಳಗ್ಗೆ ಸೊಗಸು, ಮಧ್ಯಾಹ್ನ ಸಪ್ಪೆ

ನಾನು ಭೂಗೋಳ ಟೀಚರ್. ಪ್ರವಾಸಿ ತಾಣಕ್ಕೇ ಹೋಗಿ ಪ್ರವಾಸೋದ್ಯಮದ ಬಗ್ಗೆ ಕಲಿಯುವ ಈ ಒಂದು ದಿನದ ಕ್ಷೇತ್ರ ಪ್ರವಾಸಕ್ಕೆ ಮಕ್ಕಳ ಜೊತೆ ಹೋಗಿದ್ದೆ, ವ್ಯವಸ್ಥೆಯೆಲ್ಲ ಒಂದು ಸಂಸ್ಥೆಯದ್ದು.

ಗೈಡ್ ಬಸ್ಸಿನಲ್ಲೇ ಕೇಳಿದರು: ನಾವೀಗ ಪ್ರವಾಸಿಗರಾ? ಎಲ್ಲರೂ ಹೌದು ಅಂದರು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಒಂದು ರಾತ್ರಿಯಾದರೂ ಉಳಿದವರು ಮಾತ್ರ ಪ್ರವಾಸಿಗರು, ಅದೇ ದಿನ ವಾಪಸಾದರೆ ಬರೀ ದಿನದ ಸಂದರ್ಶಕರು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕಿತ್ತು!

ಆಮೇಲೆ, ಬಂದವರ ಓಡಾಟದಿಂದ ಕಾಲುದಾರಿ ಎಷ್ಟು ಸವೆದಿದೆ ಅಂತ ಮಕ್ಕಳು ಅಳೆಯುವ ಕೆಲಸ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಹುಲ್ಲು ಸವೆದ ಜಾಗಕ್ಕೆ ಟೇಪ್ ಹಿಡಿದು ಬರೆದುಕೊಂಡರು. ವ್ಯೂಪಾಯಿಂಟ್ ಹತ್ತಿರವಾದಂತೆ ದಾರಿ ಅಗಲವಾಗುತ್ತಾ ಹೋಯಿತು, ಮರದ ಬೇರುಗಳು ಮಣ್ಣಿನಿಂದ ಮೇಲೆದ್ದಿದ್ದವು. ಒಬ್ಬ ಹುಡುಗಿ ಬೇರು ಸವರಿ, "ಮಿಸ್, ಎಷ್ಟು ನುಣ್ಣಗಾಗಿಬಿಟ್ಟಿದೆ" ಅಂದಳು. ಭೂಗೋಳ ತಜ್ಞ ರಿಚರ್ಡ್ ಬಟ್ಲರ್ 1980ರಲ್ಲಿ ಕೊಟ್ಟ ಮಾದರಿ ಇದೆಯಲ್ವಾ, ಪ್ರವಾಸಿ ತಾಣ ಮೊದಲು ಕೆಲವರ ಕಣ್ಣಿಗೆ ಬಿದ್ದು, ಬೆಳೆದು, ಒಂದು ಹಂತದಲ್ಲಿ ನಿಂತು, ಆಮೇಲೆ ಕುಸಿಯಬಹುದು ಇಲ್ಲವೇ ಮತ್ತೆ ಚಿಗುರಬಹುದು ಅನ್ನುವುದು? ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದ್ದು ಅಲ್ಲಿ ಹತ್ತಿತು.

ಮಧ್ಯಾಹ್ನದ ಸಮೀಕ್ಷೆ ಮಾತ್ರ ನನಗೆ ಬೇಸರ ತಂದಿತು. ಪ್ರಶ್ನಾವಳಿ ಎರಡು ಪುಟ! ಯಾರು ನಿಲ್ಲುತ್ತಾರೆ? ಎಲ್ಲಿಂದ ಬಂದಿರಿ, ಹೇಗೆ ಬಂದಿರಿ, ಎಷ್ಟು ಹೊತ್ತು ಇರುತ್ತೀರಿ, ಇಷ್ಟು ಸಾಕಿತ್ತು. ಬಂದವರನ್ನಷ್ಟೇ ಕೇಳಿದರು, ಅಲ್ಲೇ ಬದುಕುವವರನ್ನು ಮಾತಾಡಿಸಲೇ ಇಲ್ಲ. ನೀರು, ಕಸ, ಟ್ರಾಫಿಕ್, ಜೊತೆಗೆ ಸಿಗುವ ಕೆಲಸ, ಇದೆಲ್ಲ ಗೊತ್ತಿರುವುದು ಅವರಿಗೇ ಅಲ್ವಾ? ಕೆಲಸದ ದಿನ ಒಂದು ಗಂಟೆ ಜನರನ್ನು ಎಣಿಸಿದ್ದೂ ಸಾಲದು, ರಜಾ ದಿನ ಮತ್ತೊಮ್ಮೆ ಎಣಿಸಿದರೆ ತಾನೇ ಹೋಲಿಸೋಕೆ ಆಗೋದು.

ಮತ್ತೆ ಖಂಡಿತ ಕರೆದುಕೊಂಡು ಹೋಗುತ್ತೇನೆ, ಪ್ರಶ್ನಾವಳಿ ಮಾತ್ರ ನಮ್ಮ ಮಕ್ಕಳೇ ಬರೆಯುತ್ತಾರೆ.